ಎಲೆ ಜೀರುಂಡೆ ಮರಿಗಳನ್ನು ನೋಡಲು 10 ಪಟ್ಟಿನ ಟ್ರಿಪ್ಲೆಟ್ ಲೆನ್ಸ್: ಬಳಸಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ಎಲೆ ಜೀರುಂಡೆಗಳ ಮರಿಹುಳುಗಳನ್ನು ಹತ್ತಿರದಿಂದ ನೋಡಬೇಕು ಅನ್ನುವ ಆಸೆ ಇದ್ದರೆ 10 ಪಟ್ಟು ದೊಡ್ಡದಾಗಿ ತೋರಿಸುವ ಟ್ರಿಪ್ಲೆಟ್, ಅಂದರೆ ಮೂರು ಗಾಜು ಸೇರಿಸಿ ಮಾಡಿದ, ಹ್ಯಾಂಡ್ ಲೆನ್ಸ್ ತಗೊಳ್ಳಿ. 20 ಪಟ್ಟಿನದು ಬೇಡ. ಹಿಡಿ ಇರುವ ದೊಡ್ಡ ಭೂತಗನ್ನಡಿ ಸಾಲದು. ನನ್ನ ಲೆನ್ಸ್‌ಗೆ 5ರಲ್ಲಿ 4 ಅಂಕ ಕೊಡುತ್ತೇನೆ. ಒಂದು ಅಂಕ ಯಾಕೆ ಹೋಯಿತು ಅಂತ ಆಮೇಲೆ ಹೇಳುತ್ತೇನೆ.

ಇಂಥ ಲೆನ್ಸ್‌ಗಳ ಬಗ್ಗೆ ಸಿಗುವ ವಿಮರ್ಶೆಗಳಲ್ಲಿ ಹೆಚ್ಚಿನವು ಒಡವೆ, ಕಲ್ಲು, ನಾಣ್ಯ ನೋಡುವವರು ಬರೆದದ್ದು. ಅವರು ನೋಡುವ ವಸ್ತು ಅಲ್ಲಾಡುವುದಿಲ್ಲ. ನನಗೆ ಬೇಕಾಗಿದ್ದದ್ದು ಬದುಕಿರುವ ಹುಳುವನ್ನು ನೋಡಲು. ಅದು ತೆವಳುತ್ತದೆ, ತಿನ್ನುತ್ತದೆ, ಮುಟ್ಟಿದರೆ ಬೆನ್ನಿನ ಮೇಲೆ ವಿಷದ ಹನಿ ತಂದು ನಿಲ್ಲಿಸುತ್ತದೆ. ಆ ಹನಿ ಹೊರಗೆ ಬರುವುದು ಕಾಣಬೇಕು, ತಿರುಗಿ ಒಳಗೆ ಹೋಗುವುದೂ ಕಾಣಬೇಕು. ಲೆನ್ಸ್ ಒಳ್ಳೆಯದೋ ಅಲ್ಲವೋ ಅಂತ ನಾನು ತೀರ್ಮಾನ ಮಾಡಿದ್ದು ಇದೊಂದನ್ನೇ ನೋಡಿ.

ಲೆನ್ಸ್ ಸಣ್ಣದು, ಮಡಚಿದರೆ ಅಂಗೈಯಲ್ಲಿ ಮುಚ್ಚಿಹೋಗುತ್ತದೆ. ಲೋಹದ ಕವಚದೊಳಗಿಂದ ಪಕ್ಕಕ್ಕೆ ತಿರುಗಿಸಿ ಹೊರಗೆ ತೆಗೆಯಬೇಕು. ಒಳಗೆ ಮೂರು ಗಾಜುಗಳನ್ನು ಒಂದಕ್ಕೊಂದು ಅಂಟಿಸಿದ್ದಾರೆ. ಒಂದೇ ಗಾಜಿನ ಲೆನ್ಸ್‌ನಲ್ಲಿ ನಡುವೆ ಮಾತ್ರ ಚೆನ್ನಾಗಿ ಕಾಣುತ್ತದೆ. ಅಂಚಿಗೆ ಹೋದಂತೆ ಚಿತ್ರ ಬಾಗುತ್ತದೆ, ಕಪ್ಪು ಬಿಳುಪು ಸೇರುವ ಕಡೆ ನೀಲಿ, ಕೆಂಪು ಗೆರೆ ಮೂಡುತ್ತದೆ. ಮೂರು ಗಾಜಿನದರಲ್ಲಿ ಈ ತೊಂದರೆ ಬಹಳ ಕಡಿಮೆ. ಎಲೆ ಜೀರುಂಡೆ ಮರಿಗೆ ಇದು ನಿಜವಾಗಿಯೂ ಬೇಕು. ಯಾಕೆಂದರೆ ನಾವು ಹುಡುಕುವುದೇ ಅದರ ಬೆನ್ನಿನ ಕಪ್ಪು ಗುಬುಟಿನ ತುದಿಯಲ್ಲಿರುವ ಬಿಳಿ ಹನಿಯನ್ನು. ಆ ಗಡಿಯಲ್ಲೇ ಬಣ್ಣದ ಗೆರೆ ಬಂದರೆ ಹನಿ ಎಲ್ಲಿ ಶುರು, ಗುಬುಟು ಎಲ್ಲಿ ಮುಗಿಯಿತು ಅಂತ ಗೊತ್ತೇ ಆಗುವುದಿಲ್ಲ.

ನಾನು ಹೆಚ್ಚು ಹೊತ್ತು ನೋಡಿದ್ದು ಪಾಪ್ಲರ್ ಎಲೆ ಜೀರುಂಡೆಯ ಮರಿಗಳನ್ನು. ವಿಜ್ಞಾನದ ಹೆಸರು ಕ್ರೈಸೊಮೆಲಾ ಪಾಪ್ಯುಲಿ. ಪಾಪ್ಲರ್ ಮತ್ತು ವಿಲ್ಲೋ ಮರಗಳ ಎಲೆಗಳೇ ಇವುಗಳ ಊಟ. ಮಾಸಲು ಬಿಳಿ ಮೈ, ಕಪ್ಪು ತಲೆ, ಮೈ ತುಂಬ ಕಪ್ಪು ಚುಕ್ಕೆ. ಬರಿಗಣ್ಣಿಗೆ ಅಷ್ಟೇ. ಲೆನ್ಸ್ ಇಟ್ಟರೆ ಬೆನ್ನಿನ ಎರಡೂ ಪಕ್ಕ ಸಾಲಾಗಿ ಕಪ್ಪು ಗುಬುಟುಗಳು ಎದ್ದು ಕಾಣುತ್ತವೆ. ಒಟ್ಟು 9 ಜೊತೆ. ಎದೆಯ ಭಾಗದಲ್ಲಿ 2 ಜೊತೆ, ಹೊಟ್ಟೆಯ ಮೊದಲ 7 ಖಂಡಗಳಲ್ಲಿ ಒಂದೊಂದು ಜೊತೆ. ಪ್ರತಿ ಗುಬುಟಿನ ಕೆಳಗೂ ಒಂದು ಗ್ರಂಥಿ ಇದೆ, ಗ್ರಂಥಿಗೆ ಸೇರಿದ ಒಂದು ಪುಟ್ಟ ಚೀಲವೂ ಇದೆ.

ಈಗ ಒಂದು ಮೆತ್ತನೆಯ ಕುಂಚದ ಕೂದಲಿನಿಂದ ಹುಳುವಿನ ಪಕ್ಕಕ್ಕೆ ಮೆಲ್ಲಗೆ ಮುಟ್ಟಿ. ಕಣ್ಣು ಮಿಟುಕಿಸಬೇಡಿ. ಮೈ ಒಂದು ಸಲ ಬಿಗಿಯಾಗುತ್ತದೆ. ಜೇಬಿನ ಒಳಮಗ್ಗುಲನ್ನು ಹೊರಗೆ ಎಳೆದು ತೋರಿಸುತ್ತೇವಲ್ಲ, ಹಾಗೆ ಚೀಲದ ಒಳಪದರ ಗುಬುಟಿನ ತುದಿಯಿಂದ ಹೊರಗೆ ಮಗುಚಿಕೊಂಡು ಬರುತ್ತದೆ. ಅದರ ಮೇಲೆ ಹಾಲಿನ ಬಣ್ಣದ ದುಂಡಗಿನ ಹನಿ ಕೂತಿರುತ್ತದೆ. ಬೆನ್ನಿನ ಎರಡೂ ಸಾಲಿನಲ್ಲಿ ಹನಿಗಳು. 10 ಪಟ್ಟಿನಲ್ಲಿ ಅವುಗಳ ಮೇಲೆ ಬೆಳಕಿನ ಚುಕ್ಕೆ ಹೊಳೆಯುವುದು ಕೂಡ ಕಾಣುತ್ತದೆ. ಹನಿ ಜಾರಿ ಬೀಳುವುದಿಲ್ಲ. ಸುಮ್ಮನೆ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಹನಿ ಕುಗ್ಗುತ್ತಾ ಹೋಗಿ, ಚೀಲ ಒಳಕ್ಕೆ ಮಡಚಿಕೊಂಡು, ಗುಬುಟು ಮೊದಲಿನ ಹಾಗೆ ಒಣಗಿ ನಿಲ್ಲುತ್ತದೆ.

ನನ್ನ ಮಟ್ಟಿಗೆ ಈ ಲೆನ್ಸ್‌ನ ಬೆಲೆ ಇರುವುದು ಈ ಕೊನೆಯ ಭಾಗದಲ್ಲಿ. ಹನಿ ವಾಪಸ್ ಹೋಗುವುದನ್ನು ನೋಡಿದ ಮೇಲೆ ಇಡೀ ವ್ಯವಸ್ಥೆಯೇ ಬೇರೆ ರೀತಿ ಅರ್ಥವಾಗುತ್ತದೆ. ಈ ಮರಿ ವಿಷವನ್ನು ಚಿಮ್ಮಿಸಿ ಖಾಲಿ ಮಾಡುವುದಿಲ್ಲ. ತೋರಿಸುತ್ತದೆ, ವಾಸನೆ ಹರಡುತ್ತದೆ, ಅಪಾಯ ಹೋದ ಮೇಲೆ ಉಳಿದದ್ದನ್ನು ಒಳಗೆ ಎಳೆದುಕೊಳ್ಳುತ್ತದೆ. ಮುಂದಿನ ಸಲಕ್ಕೂ ಬೇಕಲ್ವಾ? ರೆಕ್ಕೆ ಇಲ್ಲ, ಓಡಲು ಬರುವುದಿಲ್ಲ, ದಿನವಿಡೀ ಎಲೆಯ ಮೇಲೇ ಕೂತು ತಿನ್ನಬೇಕು. ಅಂಥ ಹುಳು ಇಷ್ಟು ಜೋಪಾನ ಮಾಡುವುದು ನೋಡಿದರೆ ನನಗೆ ಅದರ ಮೇಲೆ ಗೌರವ ಬರುತ್ತದೆ.

ಹನಿಯಲ್ಲಿರುವುದು ಮುಖ್ಯವಾಗಿ ಸ್ಯಾಲಿಸಿಲಾಲ್ಡಿಹೈಡ್. ಹುಳು ಇದನ್ನು ಶುರುವಿನಿಂದ ತಾನೇ ಮಾಡುವುದಿಲ್ಲ. ಪಾಪ್ಲರ್, ವಿಲ್ಲೋ ಎಲೆಗಳಲ್ಲಿ ಸ್ಯಾಲಿಸಿನ್ ಅನ್ನುವ ಕಹಿ ವಸ್ತು ಇರುತ್ತದೆ. ಆಸ್ಪಿರಿನ್ ಕಥೆ ಶುರುವಾದದ್ದೂ ವಿಲ್ಲೋ ತೊಗಟೆಯಲ್ಲಿರುವ ಇದರಿಂದಲೇ. ಮರ ಅದನ್ನು ಇಟ್ಟುಕೊಂಡಿರುವುದು ತನ್ನನ್ನು ತಿನ್ನಲು ಬರುವವರ ವಿರುದ್ಧ. ಈ ಮರಿ ಅದನ್ನು ಎಲೆಯ ಜೊತೆಗೇ ನುಂಗುತ್ತದೆ. ಸ್ಯಾಲಿಸಿನ್ ಕರುಳಿನಿಂದ ಹುಳುವಿನ ರಕ್ತಕ್ಕೆ, ರಕ್ತದಿಂದ ಗ್ರಂಥಿಗೆ ಸೇರುತ್ತದೆ. ಗ್ರಂಥಿಯ ಚೀಲದಲ್ಲಿ ಒಂದು ಕಿಣ್ವ ಅದರಿಂದ ಗ್ಲೂಕೋಸ್ ಭಾಗವನ್ನು ಕತ್ತರಿಸುತ್ತದೆ. ಉಳಿದ ಸ್ಯಾಲಿಸಿಲ್ ಆಲ್ಕೋಹಾಲ್ ಅನ್ನು ಇನ್ನೊಂದು ಕಿಣ್ವ ಆಮ್ಲಜನಕ ಬಳಸಿ ಸ್ಯಾಲಿಸಿಲಾಲ್ಡಿಹೈಡ್ ಮಾಡುತ್ತದೆ. ಕತ್ತರಿಸಿದ ಗ್ಲೂಕೋಸ್ ಕೂಡ ವ್ಯರ್ಥವಾಗುವುದಿಲ್ಲ, ಹುಳುವಿಗೇ ಆಹಾರವಾಗುತ್ತದೆ. ಮರದ ಅಸ್ತ್ರ ತನ್ನ ಅಸ್ತ್ರವಾಯಿತು, ಮೇಲೆ ಹೊಟ್ಟೆಗೂ ಸಿಕ್ಕಿತು.

ರಕ್ತದಲ್ಲಿ ತೇಲುವ ನೂರಾರು ವಸ್ತುಗಳ ನಡುವೆ ಗ್ರಂಥಿ ಸ್ಯಾಲಿಸಿನ್ ಅನ್ನೇ ಹೇಗೆ ಒಳಗೆ ತುಂಬಿಸಿಕೊಳ್ಳುತ್ತದೆ? ಜರ್ಮನಿಯ ಯೇನಾ ಊರಿನ ಮ್ಯಾಕ್ಸ್ ಪ್ಲಾಂಕ್ ರಾಸಾಯನಿಕ ಪರಿಸರ ವಿಜ್ಞಾನ ಸಂಸ್ಥೆಯವರು 2013ರಲ್ಲಿ ಇದಕ್ಕೊಂದು ಉತ್ತರ ಕೊಟ್ಟರು. ಗ್ರಂಥಿಯ ಜೀವಕೋಶಗಳಲ್ಲಿ ಸ್ಯಾಲಿಸಿನ್ ಸಾಗಿಸುವ ಒಂದು ಪ್ರೋಟೀನ್ ಇದೆ. ಅದನ್ನು ತಯಾರಿಸುವ ಜೀನ್ ಅನ್ನು ಸುಮ್ಮನಾಗಿಸಿದರೆ ಮರಿಗೆ ರಕ್ಷಣೆಯ ದ್ರವವೇ ಇಲ್ಲದ ಹಾಗೆ ಆಗುತ್ತದೆ. ಇದನ್ನೆಲ್ಲ ಲೆನ್ಸ್ ತೋರಿಸುವುದಿಲ್ಲ, ನಿಜ. ಆದರೆ ಇದನ್ನು ತಿಳಿದುಕೊಂಡು ಲೆನ್ಸ್ ಹಿಡಿದರೆ ನೋಡುವ ಖುಷಿಯೇ ಬೇರೆ.

ಇನ್ನು ದೂರದ ಮಾತು. 10 ಪಟ್ಟಿನ ಲೆನ್ಸ್‌ನ ನಾಭಿದೂರ ಸುಮಾರು 25 ಮಿಲಿಮೀಟರ್. ಅಂದರೆ ಹುಳುವಿಗೂ ಲೆನ್ಸ್‌ಗೂ ನಡುವೆ ಅಷ್ಟು ಜಾಗ ಸಿಗುತ್ತದೆ. 20 ಪಟ್ಟಿನದರಲ್ಲಿ ಇದು 12.5 ಮಿಲಿಮೀಟರ್‌ಗೆ ಇಳಿಯುತ್ತದೆ. ಹರಳು ನೋಡುವವರಿಗೆ ತೊಂದರೆ ಇಲ್ಲ. ನಮಗೆ ಇದೆ. ಲೆನ್ಸ್ ಇಷ್ಟು ಹತ್ತಿರ ಹೋದರೆ ಬೆಳಕು ಅಡ್ಡವಾಗುತ್ತದೆ, ಕುಂಚ ತೂರಿಸಲು ಜಾಗ ಇರುವುದಿಲ್ಲ, ಎಲೆ ಸ್ವಲ್ಪ ಅಲ್ಲಾಡಿದರೂ ಲೋಹದ ಅಂಚು ಹುಳುವಿಗೆ ತಾಗುತ್ತದೆ. ತಾಗಿದರೆ ಹನಿ ಮೊದಲೇ ಹೊರಗೆ ಬಂದುಬಿಡುತ್ತದೆ, ಬರುವ ಕ್ಷಣ ತಪ್ಪಿಹೋಗುತ್ತದೆ. ಅದೂ ಅಲ್ಲದೆ ಸ್ಪಷ್ಟವಾಗಿ ಕಾಣುವ ಆಳ ತೀರಾ ಕಡಿಮೆ. ಒಂದು ಗುಬುಟು ಕಂಡರೆ ಪಕ್ಕದ್ದು ಮಸುಕು. ನಾನು ಎರಡನ್ನೂ ಇಟ್ಟುಕೊಂಡು ನೋಡಿದ್ದೇನೆ. ಹುಳುವಿನ ಕೆಲಸಕ್ಕೆ 10 ಪಟ್ಟೇ ಸರಿ.

ಲೆನ್ಸ್ ಹಿಡಿಯುವ ರೀತಿ ಗೊತ್ತಿಲ್ಲದೆ ಬೇಜಾರಾಗಿ ಬಿಟ್ಟವರನ್ನು ಕಂಡಿದ್ದೇನೆ. ಲೆನ್ಸ್ ಅನ್ನು ಕಣ್ಣಿಗೆ ಒತ್ತಿದಷ್ಟು ಹತ್ತಿರ ಇಟ್ಟುಕೊಳ್ಳಿ. ಎಲೆಯನ್ನು ಲೆನ್ಸ್ ಕಡೆಗೆ ತನ್ನಿ. ಲೆನ್ಸ್ ಹಿಡಿದ ಕೈಯ ಬೆರಳು ಕೆನ್ನೆಗೆ ಆನಿಸಿರಲಿ, ಎರಡೂ ಕೈ ಒಂದಕ್ಕೊಂದು ತಾಗಿಕೊಂಡಿರಲಿ. ನಡುಕ ಅರ್ಧಕ್ಕೆ ಇಳಿಯುತ್ತದೆ. ನಾನು ಕನ್ನಡಕ ಹಾಕಿಕೊಂಡೇ ನೋಡುತ್ತೇನೆ. ಕಾಣುವ ವೃತ್ತ ಸ್ವಲ್ಪ ಸಣ್ಣದಾಗುತ್ತದೆ, ಅಷ್ಟೇ. ಉಸಿರು ಮಾತ್ರ ಎಲೆಯ ಮೇಲೆ ಬಿಡಬೇಡಿ. ಗಾಜು ಮಂಜಾಗುವುದು ಒಂದು ಕಡೆ, ಉಸಿರಿಗೆ ಹುಳುಗಳೂ ಎಚ್ಚೆತ್ತುಕೊಳ್ಳುತ್ತವೆ.

ಹೀಗೆ ಮುಖ ಹತ್ತಿರ ತಂದಾಗ ಮೂಗೂ ಹತ್ತಿರ ಬರುತ್ತದೆ. ಪಾಪ್ಲರ್ ಮರಿ ಹನಿ ತೆಗೆದ ತಕ್ಷಣ ಕಹಿ ಬಾದಾಮಿಯ ಘಾಟು ಬರುತ್ತದೆ. ಅದೇ ಸ್ಯಾಲಿಸಿಲಾಲ್ಡಿಹೈಡ್ ವಾಸನೆ. ಒಂದೇ ಎಲೆಯಲ್ಲಿ ಹಲವು ಮರಿಗಳು ಒಟ್ಟಿಗೆ ಇದ್ದರೆ ಘಾಟು ಇನ್ನೂ ಜಾಸ್ತಿ. ಚಿಕ್ಕ ಮರಿಗಳು ಗುಂಪಾಗಿ ತಿನ್ನುವುದರಲ್ಲಿ ಒಂದು ಲಾಭ ಇದೇ ಇರಬೇಕು. ಈ ಆವಿ ಬರೀ ಬೇಟೆಗಾರರನ್ನು ದೂರ ಇಡುವುದಿಲ್ಲ. ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನೂ ತಡೆಯುತ್ತದೆ ಅಂತ ಪ್ರಯೋಗಗಳು ತೋರಿಸಿವೆ. ದ್ರವ ಬೆರಳಿಗೆ ತಾಗಿದರೆ ಕೈ ತೊಳೆದುಕೊಳ್ಳಿ, ತೊಳೆಯದೆ ಕಣ್ಣು ಉಜ್ಜಬೇಡಿ.

ಇರುವೆ ಬಂದಾಗ ಏನಾಗುತ್ತದೆ ಅನ್ನುವುದನ್ನು ನೋಡಲು ಲೆನ್ಸ್ ಒಂದೇ ಸಾಲದು. ಇರುವೆ ತುಂಬ ಚುರುಕು, ಲೆನ್ಸ್‌ನ ವೃತ್ತದೊಳಗೆ ನಿಲ್ಲುವುದಿಲ್ಲ. ಅದಕ್ಕೆ ಫೋನಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಒಳ್ಳೆಯದು. ನನ್ನ ತಂಗಿ ಫೋನ್ ಹಿಡಿದಿದ್ದಳು, ನಾನು ಎಲೆ ಹಿಡಿದಿದ್ದೆ. ಇರುವೆ ಮೀಸೆಯಿಂದ ಮರಿಯನ್ನು ತಡವಿತು, ಹನಿಗಳು ಎದ್ದವು, ಇರುವೆ ಹಿಂದಕ್ಕೆ ಸರಿದು ಮೀಸೆ ಒರೆಸಿಕೊಳ್ಳಲು ಶುರು ಮಾಡಿತು. "ಅಕ್ಕಾ, ಹನಿ ಒಳಗೆ ಹೋಯ್ತು ನೋಡು!" ಅಂತ ಅವಳು ಕೂಗಿದ್ದು ವಿಡಿಯೋದಲ್ಲಿ ಹಾಗೇ ಉಳಿದಿದೆ. ನಿಧಾನಕ್ಕೆ ಓಡಿಸಿ ನೋಡಿದರೆ ಚೀಲ ಮಗುಚಿಕೊಳ್ಳುವುದು ಲೆನ್ಸ್‌ಗಿಂತ ಚೆನ್ನಾಗಿ ಕಾಣುತ್ತದೆ. ಆದರೆ ಫೋನಿನ ಕ್ಲಿಪ್ ಲೆನ್ಸ್‌ನಲ್ಲಿ ಅಂಚು ಮಸುಕು. ಹಾಗಾಗಿ ವಿಡಿಯೋಗೆ ಫೋನ್, ನೋಡುವುದಕ್ಕೆ ಹ್ಯಾಂಡ್ ಲೆನ್ಸ್ ಅಂತ ಹಂಚಿಕೊಂಡಿದ್ದೇವೆ.

ಈ ಹನಿ ಎಲ್ಲರನ್ನೂ ಓಡಿಸುವುದಿಲ್ಲ ಅನ್ನುವುದೂ ಗೊತ್ತಿರಲಿ. ಗಾಳಿಯಲ್ಲಿ ಒಂದೇ ಕಡೆ ನಿಂತು ಹಾರುವ ಹೋವರ್ ನೊಣಗಳಲ್ಲಿ ಕೆಲವುಗಳ ಮರಿಗಳು ಸ್ಯಾಲಿಸಿಲಾಲ್ಡಿಹೈಡ್ ವಾಸನೆಯ ಜಾಡು ಹಿಡಿದೇ ಈ ಹುಳುಗಳನ್ನು ಹುಡುಕಿಕೊಂಡು ಬರುತ್ತವೆ. ಸಿಮ್ಮಾರ್ಫಸ್ ಅನ್ನುವ ಒಂಟಿ ಕಣಜಗಳು ಎಲೆ ಜೀರುಂಡೆ ಮರಿಗಳನ್ನು ಕುಟುಕಿ, ಹೊತ್ತೊಯ್ದು, ತಮ್ಮ ಮರಿಗಳಿಗೆ ಆಹಾರವಾಗಿ ಗೂಡಿನಲ್ಲಿ ತುಂಬಿಡುತ್ತವೆ. ಸಾಮಾನ್ಯ ಶತ್ರುವನ್ನು ದೂರ ಇಡುವ ವಾಸನೆಯೇ ಈ ನೊಣಕ್ಕೆ ವಿಳಾಸ ಹೇಳುತ್ತದೆ. ಎಲೆಯ ಮೇಲೆ ಕಾಲಿಲ್ಲದ ಚಪ್ಪಟೆ ಹುಳು ಕಂಡರೆ ಬೇಗ ಮುಂದೆ ಹೋಗಬೇಡಿ. ಲೆನ್ಸ್ ಇಟ್ಟು ಕಾಯಿರಿ.

ಇನ್ನು ಲೆನ್ಸ್ ಸೋಲುವ ಕಡೆ. ಡಾಕ್ ಅನ್ನುವ ಕಳೆಗಿಡದ ಮೇಲಿರುವ ಹಸಿರು ಜೀರುಂಡೆ ಗ್ಯಾಸ್ಟ್ರೊಫೈಸಾ ವಿರಿಡ್ಯುಲಾ, ಸಾಸಿವೆ ಜಾತಿಯ ಗಿಡಗಳ ಮೇಲಿರುವ ಫೀಡಾನ್ ಕಾಕ್ಲಿಯೇರಿಯೆ, ಇವೂ ಇದೇ ಬಳಗದವು. ಅದೇ 9 ಜೊತೆ ಗುಬುಟು, ಅದೇ ರೀತಿ ಹೊರಗೆ ಬಂದು ಒಳಗೆ ಹೋಗುವ ಹನಿ. ಲೆನ್ಸ್‌ನಲ್ಲಿ ನೋಡಿದರೆ ಕಥೆ ಒಂದೇ ಅನ್ನಿಸುತ್ತದೆ. ಆದರೆ ಇವು ಗಿಡದಿಂದ ವಿಷ ಎರವಲು ಪಡೆಯುವುದಿಲ್ಲ. ಕ್ರೈಸೊಮೆಲಿಡಿಯಲ್ ಅನ್ನುವ, ಇರಿಡಾಯ್ಡ್ ಗುಂಪಿನ ರಾಸಾಯನಿಕವನ್ನು ತಮ್ಮ ಮೈಯಲ್ಲೇ, ಮೊದಲ ಹೆಜ್ಜೆಯಿಂದಲೂ, ತಯಾರಿಸಿಕೊಳ್ಳುತ್ತವೆ. ವಿಲ್ಲೋ ತಿನ್ನುವ ಪ್ಲಾಜಿಯೋಡೆರಾ ವರ್ಸಿಕಲೋರಾ ಇನ್ನೂ ವಿಚಿತ್ರ. ಸ್ಯಾಲಿಸಿನ್ ಸಿಗುವ ಬಳಗದ ಗಿಡದ ಮೇಲೆ ಕೂತಿದ್ದರೂ ಅದರ ಹನಿಯಲ್ಲಿರುವುದು ಇರಿಡಾಯ್ಡ್‌ಗಳೇ. 1977ರಲ್ಲಿ ವಿಜ್ಞಾನಿಗಳಾದ ಜೆರಾಲ್ಡ್ ಮೈನ್‌ವಾಲ್ಡ್, ಥಾಮಸ್ ಐಸ್ನರ್ ಮತ್ತು ಸಂಗಡಿಗರು ಆ ಹನಿಯಿಂದಲೇ ಕ್ರೈಸೊಮೆಲಿಡಿಯಲ್ ಮತ್ತು ಪ್ಲಾಜಿಯೋಲ್ಯಾಕ್ಟೋನ್ ಅನ್ನು ಗುರುತಿಸಿದರು. ಕ್ರೈಸೊಮೆಲಾ ಲ್ಯಾಪೋನಿಕಾ ಅನ್ನುವ ಒಂದೇ ಜಾತಿಯಲ್ಲಿ ವಿಲ್ಲೋ ತಿನ್ನುವ ಗುಂಪು ಸ್ಯಾಲಿಸಿಲಾಲ್ಡಿಹೈಡ್ ಮಾಡುತ್ತದೆ, ಬರ್ಚ್ ಮರ ತಿನ್ನುವ ಗುಂಪು ಎಸ್ಟರ್ ಅನ್ನುವ ಬೇರೆ ರಾಸಾಯನಿಕಗಳನ್ನು ಮಾಡುತ್ತದೆ. ಗಾಜಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಇದು ಲೆನ್ಸ್‌ನ ದೋಷವಲ್ಲ, ಯಾವ ಲೆನ್ಸ್‌ನಿಂದಲೂ ಆಗದ ಕೆಲಸ.

ಹನಿ ತೆಗೆಯದೆ ವಿಷವನ್ನು ರಕ್ತದಲ್ಲೇ ಇಟ್ಟುಕೊಂಡ ಮರಿಗಳದ್ದೂ ಅದೇ ಕಥೆ. ಆಫ್ರಿಕಾದ ಕಲಹರಿ ಕಡೆ ಸ್ಯಾನ್ ಜನಾಂಗದ ಬೇಟೆಗಾರರು ಕಾಮಿಫೋರಾ ಗಿಡಗಳ ಬುಡದ ಮಣ್ಣು ಅಗೆದು ಡಯಾಂಫಿಡಿಯಾ ಅನ್ನುವ ಎಲೆ ಜೀರುಂಡೆಯ ಮರಿಗಳನ್ನು ತೆಗೆದು, ಅವುಗಳ ರಸವನ್ನು ಬಾಣಕ್ಕೆ ಸವರುತ್ತಾರೆ. ಅದರಲ್ಲಿರುವ ಡಯಾಂಫೋಟಾಕ್ಸಿನ್ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಮೆಕ್ಕೆಜೋಳದ ಬೇರು ತಿನ್ನುವ ಡಯಾಬ್ರಾಟಿಕಾ ಮರಿಗಳು ಗಿಡದ ರಕ್ಷಣೆಯ ರಾಸಾಯನಿಕಗಳಾದ ಬೆಂಜಾಕ್ಸಜಿನಾಯ್ಡ್‌ಗಳನ್ನು ಮೈಯಲ್ಲಿ ಸೇರಿಸಿಕೊಂಡು, ತಮ್ಮನ್ನು ಕೊಲ್ಲಲು ಬರುವ ಜಂತುಹುಳುಗಳನ್ನು ಎದುರಿಸುತ್ತವೆ. ಮಣ್ಣಿನೊಳಗಿನ ಈ ಯುದ್ಧಕ್ಕೆ ನಮ್ಮ ಲೆನ್ಸ್ ಏನೂ ಮಾಡಲಾರದು.

ಆದರೆ ಆಮೆ ಜೀರುಂಡೆಗಳ ಮರಿ ಸಿಕ್ಕರೆ ಇದೇ ಲೆನ್ಸ್ ಮತ್ತೆ ಮೇಲುಗೈ ಸಾಧಿಸುತ್ತದೆ. ಈ ಮರಿಗಳ ಹಿಂಭಾಗದಲ್ಲಿ ಕವಲೊಡೆದ ಒಂದು ಬಾಲ ಇರುತ್ತದೆ. ಪೊರೆ ಬಿಟ್ಟಾಗ ಹಳೆಯ ಚರ್ಮವನ್ನು ಎಸೆಯದೆ ಅದರ ಮೇಲೇ ಪೇರಿಸಿಕೊಳ್ಳುತ್ತವೆ. ಜೊತೆಗೆ ತಮ್ಮ ಹಿಕ್ಕೆಯನ್ನೂ ಅಂಟಿಸುತ್ತವೆ. ಎರಡೂ ಸೇರಿ ಒಂದು ಗುರಾಣಿ ಆಗುತ್ತದೆ. ಬರಿಗಣ್ಣಿಗೆ ಕಸದ ಚೂರು. ಲೆನ್ಸ್‌ನಲ್ಲಿ ಹಳೆಯ ತಲೆಚಿಪ್ಪುಗಳು, ಮುಳ್ಳುಗಳು, ಒಣಗಿದ ಹಿಕ್ಕೆಯ ಪದರಗಳು ಒಂದೊಂದಾಗಿ ಬಿಡಿಸಿ ಕಾಣುತ್ತವೆ. ಪಕ್ಕದಿಂದ ಮುಟ್ಟಿದರೆ ಮರಿ ಬಾಲ ತಿರುಗಿಸಿ ಗುರಾಣಿಯನ್ನು ಆ ಕಡೆಗೇ ತರುತ್ತದೆ. ಎಡಕ್ಕೆ ಮುಟ್ಟಿದರೆ ಎಡಕ್ಕೆ, ಬಲಕ್ಕೆ ಮುಟ್ಟಿದರೆ ಬಲಕ್ಕೆ. ಇದೇ ಬಳಗದ ಕ್ಯಾಸಿಡಾ ರೂಬಿಜಿನೋಸಾ ಇರುವೆಗಳ ವಿರುದ್ಧ ಗುರಾಣಿ ಬಳಸುವ ರೀತಿಯನ್ನು 1967ರಲ್ಲೇ ಐಸ್ನರ್ ಮತ್ತು ಜೊತೆಗಾರರು ಪ್ರಯೋಗ ಮಾಡಿ ವಿವರಿಸಿದ್ದರು.

ಗುರಾಣಿ ಬರೀ ಗೋಡೆಯಲ್ಲ. ಕೆಲವು ಜಾತಿಗಳಲ್ಲಿ ಅದರ ಶಕ್ತಿ ತಿಂದ ಗಿಡದಿಂದ ಬಂದ ರಾಸಾಯನಿಕಗಳಲ್ಲಿದೆ. ದ್ರಾವಕದಲ್ಲಿ ತೊಳೆದು ಆ ವಸ್ತುಗಳನ್ನು ತೆಗೆದರೆ ಗುರಾಣಿ ಹಾಗೇ ಇದ್ದರೂ ಇರುವೆಗಳು ಹಿಂಜರಿಯುವುದಿಲ್ಲ. ಫ್ಲೋರಿಡಾದ ಪಾಮೆಟೊ ಅನ್ನುವ ತಾಳೆ ಜಾತಿಯ ಗಿಡಗಳ ಮೇಲಿರುವ ಹೆಮಿಸ್ಫಿರೋಟಾ ಸಯಾನಿಯಾ ಮರಿ ಹಿಕ್ಕೆಯನ್ನು ಉದ್ದ ಎಳೆಗಳಾಗಿ ಹೊರಹಾಕಿ ಮೈಮೇಲೆ ಹುಲ್ಲಿನ ಛಾವಣಿಯಂಥದ್ದು ಕಟ್ಟಿಕೊಳ್ಳುತ್ತದೆ. ಗುಲಗಂಜಿ ಹುಳು ಅದನ್ನು ದಾಟಲಾರದು. ಕ್ಯಾಲೈಡಾ ಅನ್ನುವ ನೆಲಜೀರುಂಡೆ ಮಾತ್ರ ಕಡಿದು ತೂರಿಕೊಂಡು ಒಳಗೆ ಹೋಗುತ್ತದೆ. ಲಿಲಿ ಗಿಡದ ಕೆಂಪು ಜೀರುಂಡೆಯ ಮರಿಯದ್ದು ಒದ್ದೆ ಹಿಕ್ಕೆಯ ಹೊದಿಕೆ. ಅದನ್ನು ನೋಡುವಾಗ ಲೆನ್ಸ್ ತಾಗದ ಹಾಗೆ ಜಾಸ್ತಿ ಎಚ್ಚರ ಬೇಕು. ತಾಗಿದರೆ ಗಾಜು ತೊಳೆಯುವ ತನಕ ಏನೂ ಕಾಣುವುದಿಲ್ಲ.

ಈಗ ಹೋದ ಒಂದು ಅಂಕದ ಲೆಕ್ಕ. ಕವಚ ಮತ್ತು ಲೆನ್ಸ್ ಸೇರುವ ಕಡೆ ಇರುವ ತಿರುಪು ಬಳಸುತ್ತಾ ಸಡಿಲವಾಗುತ್ತದೆ. ಸಡಿಲವಾದರೆ ನೋಡುವಾಗಲೇ ಲೆನ್ಸ್ ತಾನಾಗಿ ಮಡಚಿಕೊಳ್ಳುತ್ತದೆ, ಅದೂ ಹನಿ ಹೊರಗೆ ಬರುವ ಹೊತ್ತಿಗೆ ಸರಿಯಾಗಿ. ಸಣ್ಣ ಸ್ಕ್ರೂಡ್ರೈವರ್‌ನಿಂದ ಬಿಗಿ ಮಾಡಬಹುದು, ಆದರೆ ಇದನ್ನು ತಯಾರಿಸುವವರೇ ಸರಿ ಮಾಡಿ ಕೊಡಬೇಕಿತ್ತು. ಇನ್ನೊಂದು, ಕವಚ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಬಿಸಿಲಿನಲ್ಲಿ ಅದರ ಪ್ರತಿಫಲನ ನೇರವಾಗಿ ಎಲೆಯ ಮೇಲೆ ಬೀಳುತ್ತದೆ. ನಾನು ಕಪ್ಪು ಟೇಪ್ ಸುತ್ತಿದ್ದೇನೆ. ಕಪ್ಪು ಕವಚದ್ದು ಸಿಕ್ಕರೆ ಅದನ್ನೇ ಆರಿಸಿ. ಸುತ್ತ ಎಲ್ಇಡಿ ದೀಪ ಇರುವ ಮಾದರಿಗಳೂ ಇವೆ. ಆಮೆ ಜೀರುಂಡೆಯ ಗುರಾಣಿ ನೋಡಲು ಅವು ಚೆನ್ನ. ಹನಿ ನೋಡಲು ಬೇಡ. ಎಲ್ಲ ಕಡೆಯಿಂದ ಬೆಳಕು ಬಿದ್ದರೆ ಹನಿಯ ದುಂಡು ಕಾಣುವುದಿಲ್ಲ, ಬಿಳಿ ಮಚ್ಚೆ ಅಷ್ಟೇ ಕಾಣುತ್ತದೆ. ಒಂದೇ ಪಕ್ಕದಿಂದ ಬರುವ ಬೆಳಗಿನ ಬಿಸಿಲು ಸಾಕು.

ತಗೊಳ್ಳುವಾಗ ಒಂದು ಪರೀಕ್ಷೆ ಮಾಡಿ. ಚೌಕಳಿ ಗೆರೆಯ ಕಾಗದದ ಮೇಲೆ ಲೆನ್ಸ್ ಇಟ್ಟು ನೋಡಿ. ಗೆರೆ ಅಂಚಿನವರೆಗೆ ನೇರವಾಗಿದ್ದರೆ, ಬಣ್ಣದ ನೆರಳು ಇಲ್ಲದಿದ್ದರೆ ನಿಜವಾದ ಟ್ರಿಪ್ಲೆಟ್ ಅಂತ ನಂಬಬಹುದು. ಮೇಲೆ 30, 40 ಪಟ್ಟು ಅಂತ ಬರೆದ ಅಗ್ಗದ ಲೆನ್ಸ್‌ಗಳು ಬಹಳಷ್ಟು ಸಿಗುತ್ತವೆ, ಆ ಅಂಕಿ ನಂಬಬೇಡಿ. ಕತ್ತಿಗೆ ಹಾಕಿಕೊಳ್ಳಲು ಒಂದು ದಾರ ಕಟ್ಟಿ, ಗಾಢ ಬಣ್ಣದ್ದು ಕಟ್ಟಿ, ಹುಲ್ಲಿನಲ್ಲಿ ಬಿದ್ದರೂ ಬೇಗ ಸಿಗುತ್ತದೆ. ಗಾಜಿಗೆ ದ್ರವ ತಾಗಿದರೆ ಅಂಗಿಯ ಅಂಚಿನಿಂದ ಉಜ್ಜಬೇಡಿ. ಮೊದಲು ದೂಳು ಊದಿ, ಆಮೇಲೆ ಕನ್ನಡಕ ಒರೆಸುವ ಬಟ್ಟೆಯನ್ನು ಸ್ವಲ್ಪ ಒದ್ದೆ ಮಾಡಿ ಒರೆಸಿ. ನೋಡಿ ಮುಗಿದ ಮೇಲೆ ಎಲೆಯನ್ನು ಕಿತ್ತು ಮನೆಗೆ ತರಬೇಡಿ. ಎಲೆ ಒಣಗಿದರೆ ಮರಿ ತಿನ್ನುವುದು ನಿಲ್ಲಿಸುತ್ತದೆ. ಸ್ಯಾಲಿಸಿನ್ ಬರುವುದು ನಿಂತರೆ ಹನಿಗೆ ಬೇಕಾದ ಸರಕೂ ನಿಂತಂತೆ. ಹುಳು ಇರುವ ಕೊಂಬೆಯನ್ನು ಗುರುತು ಮಾಡಿಕೊಂಡು ನೀವೇ ಮತ್ತೆ ಅಲ್ಲಿಗೆ ಹೋಗಿ.